ಕೈಗೆ ವಾರ ಸಾಕು, ಕಣ್ಣಿಗೆ ವರ್ಷ ಬೇಕು

ತಿಪಟೂರಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವನು ನಾನು. ಬೆಳಗಿನ ಮೊದಲ ಬ್ಯಾಚು ಆರೂವರೆಗೆ. ಊರಿನ ಟ್ಯೂಷನ್‌ಗಳು ಶುರುವಾಗುವುದೂ ಅದೇ ಹೊತ್ತಿಗೆ. ಒಂದು ದಿನ ವಿದ್ಯಾರ್ಥಿ ಬರುವುದು ತಡವಾಯಿತೆಂದು ಕಾರಿನಲ್ಲೇ ಕೂತು ಎದುರಿನ ಟ್ಯೂಷನ್ ಮನೆಯ ಮುಂದಿದ್ದ ಸ್ಕೂಟರುಗಳನ್ನು ಎಣಿಸಿದೆ. ಇಪ್ಪತ್ತೆರಡು. ಒಳಗೆ ಕೂತಿದ್ದದ್ದು ಹತ್ತನೇ ಕ್ಲಾಸಿನ ಮಕ್ಕಳು. ಹೆಲ್ಮೆಟ್ ಕಂಡದ್ದು ಮೂರು, ಅದರಲ್ಲೊಂದು ಕನ್ನಡಿಗೆ ನೇತುಹಾಕಿದ್ದು.

ಆ ಮಕ್ಕಳನ್ನು ಬೈಯುವ ಹಕ್ಕು ನನಗಿಲ್ಲ. ನನ್ನ ಮಗ ಫಸ್ಟ್ ಪಿಯುಸಿಯಲ್ಲಿದ್ದಾಗ, ಹದಿನಾರು ವರ್ಷದವನ ಕೈಗೆ ಸ್ಕೂಟರ್ ಕೀ ಕೊಟ್ಟವನು ನಾನೇ. ಅವನು ಕೇಳಿರಲೂ ಇಲ್ಲ. ನನಗೆ ಬೆಳಗ್ಗೆ ಕ್ಲಾಸಿತ್ತು, ಹಾಲು ತರಬೇಕಿತ್ತು. 'ಡೈರಿ ಇಲ್ಲೇ ಇದೆಯಲ್ಲ, ಹೋಗಿ ಬಾ' ಅಂದೆ. ಜನವರಿ ತಿಂಗಳು, ಹುರುಳಿ ಒಕ್ಕಣೆ ಕಾಲ. ರಸ್ತೆಯುದ್ದಕ್ಕೂ ಹುರುಳಿ ಹರಡಿದ್ದರು. ಗೋಲಿಯಂಥ ಆ ಕಾಳಿನ ಮೇಲೆ ಗಾಡಿ ಹತ್ತಿದಾಗ ಅವನು ಬ್ರೇಕ್ ಒತ್ತಿದ, ಗಾಡಿ ಅಡ್ಡ ಮಲಗಿತು. ಕೊರಳೆಲುಬು ಮುರಿಯಿತು. ತಲೆ ಉಳಿದದ್ದು ಹುಲ್ಲಿನ ಮೆದೆಯ ಮೇಲೆ ಬಿದ್ದಿದ್ದರಿಂದ. ಹೆಲ್ಮೆಟ್ ಮನೆಯಲ್ಲೇ ಮೊಳೆಗೆ ತೂಗಾಡುತ್ತಿತ್ತು. ಊರಿಗೆಲ್ಲ ಡ್ರೈವಿಂಗ್ ಕಲಿಸುವ ಮೇಷ್ಟ್ರ ಮಗ!

ಅಂದಿನಿಂದ ಒಂದು ವಿಷಯ ಗಮನಿಸುತ್ತ ಬಂದಿದ್ದೇನೆ. ಹಟ ಮಾಡಿ ಗಾಡಿ ಇಸಿದುಕೊಳ್ಳುವ ಮಕ್ಕಳು ಕಡಿಮೆ. ಅಪ್ಪ-ಅಮ್ಮ ತಮ್ಮ ಅನುಕೂಲಕ್ಕೆ ಕೊಡುವುದೇ ಹೆಚ್ಚು. ಹಾಲು, ರೇಷನ್, ತಂಗಿಯನ್ನು ಶಾಲೆಗೆ ಬಿಡುವುದು, ತೋಟಕ್ಕೆ ಊಟ ಒಯ್ಯುವುದು. 'ನಮ್ಮ ಹುಡುಗ ಚೆನ್ನಾಗಿ ಓಡಿಸ್ತಾನೆ ಸಾರ್' ಎಂಬ ಹೆಮ್ಮೆ ಬೇರೆ.

ಕಾನೂನು ಏನನ್ನುತ್ತದೆ ನೋಡೋಣ. ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಸಾರ್ವಜನಿಕ ರಸ್ತೆಯಲ್ಲಿ ಗಾಡಿ ಓಡಿಸಲು 18 ತುಂಬಿರಬೇಕು. ಹದಿನಾರಕ್ಕೇ ಲೈಸೆನ್ಸ್ ಸಿಗುತ್ತದೆ ಎಂದು ವಾದ ಮಾಡುವವರಿದ್ದಾರೆ. ಸಿಗುತ್ತದೆ, ಆದರೆ 50 ಸಿಸಿ ಮೀರದ ಗಾಡಿಗೆ ಮಾತ್ರ, ಅದೂ ಪೋಷಕರ ಲಿಖಿತ ಒಪ್ಪಿಗೆಯ ಮೇಲೆ. ನಮ್ಮ ರೈತರ ಟಿವಿಎಸ್ ಎಕ್ಸ್‌ಎಲ್ ಕೂಡ ಈಗ ನೂರರ ಹತ್ತಿರ, 99.7 ಸಿಸಿ. ಮನೆಮನೆಯ ಸ್ಕೂಟರುಗಳು 110, 125. ಬ್ಯಾಟರಿ ಗಾಡಿಗೆ ಲೈಸೆನ್ಸ್ ಬೇಡ ಎಂಬ ಮಾತೂ ಅರ್ಧ ಸತ್ಯ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗದ ಮಿತಿ ಗಂಟೆಗೆ 25 ಕಿಲೋಮೀಟರ್ ಇರುವ ಪುಟ್ಟ ಗಾಡಿಗಳಿಗಷ್ಟೇ ಆ ವಿನಾಯಿತಿ.

2019ರ ಸೆಪ್ಟೆಂಬರ್ 1ರಿಂದ ಈ ಕಾಯ್ದೆಗೆ 199ಎ ಎಂಬ ಹೊಸ ಕಲಮು ಸೇರಿದೆ. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ತಪ್ಪಿತಸ್ಥರು ಪೋಷಕರು ಅಥವಾ ಗಾಡಿಯ ಮಾಲೀಕರು. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಹನ್ನೆರಡು ತಿಂಗಳು ಗಾಡಿಯ ನೋಂದಣಿ ರದ್ದು. ಓಡಿಸಿದ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. 'ನನಗೆ ಗೊತ್ತೇ ಇರಲಿಲ್ಲ' ಎಂದರೆ ನಡೆಯುವುದಿಲ್ಲ, ಗೊತ್ತಿರಲಿಲ್ಲ ಎಂದು ಸಾಬೀತು ಮಾಡುವ ಹೊಣೆಯೂ ನಮ್ಮದೇ. ಎದುರಿನವರಿಗೆ ಪೆಟ್ಟಾದರೆ ಪರಿಹಾರದ ಹಣವನ್ನು ವಿಮೆ ಕಂಪನಿ ಮಾಲೀಕನಿಂದಲೇ ವಸೂಲಿ ಮಾಡಿಕೊಳ್ಳಬಹುದು. ಒಂದು ಲೀಟರ್ ಹಾಲಿಗೆ ತೋಟ ಮಾರುವ ಪರಿಸ್ಥಿತಿ ಬರಬಹುದು ಎಂದು ನಾನು ಹೇಳುವುದು ಬರೀ ಹೆದರಿಸಲಿಕ್ಕಲ್ಲ.

ಸರಿ, 18 ತುಂಬಿತು, ಎಲ್‌ಎಲ್‌ಆರ್ ಬಂತು. ಆಮೇಲೆ? ಮೂವತ್ತು ದಿನ ಕಳೆದರೆ ಟೆಸ್ಟಿಗೆ ಹೋಗಬಹುದು. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ, ಆದರೆ ಮೂವತ್ತೊಂದನೇ ದಿನ ಬೆಳಗ್ಗೆಯೇ ಫೋನು ಬರುತ್ತದೆ. 'ಸಾರ್, ಎಂಟು ಹಾಕ್ಸಿ ಲೈಸೆನ್ಸ್ ಕೊಡಿಸ್ಬಿಡಿ.' ಎಂಟು ಹಾಕುವುದನ್ನು ಯಾರಿಗಾದರೂ ಒಂದು ವಾರದಲ್ಲಿ ಕಲಿಸಬಹುದು. ಆದರೆ ಬಿ.ಎಚ್. ರೋಡಿನಲ್ಲಿ ಎಂಟು ಹಾಕುವ ಕೆಲಸವೇ ಬೀಳುವುದಿಲ್ಲ. ಅಲ್ಲಿ ಬೇಕಾದದ್ದು ಕಣ್ಣು.

ಅದಕ್ಕೇ ನನ್ನ ಕ್ಲಾಸಿನಲ್ಲಿ ಒಂದು ಪಾಠವಿದೆ: ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಓಡಿಸುವುದು. ಒಬ್ಬಳು ಬಿ.ಕಾಂ. ಹುಡುಗಿ, ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು, ಮೊದಲೆರಡು ದಿನ ನಾಚಿಕೊಂಡು ಸುಮ್ಮನಿದ್ದಳು. ಮೂರನೇ ದಿನ ಬಾಯಿ ಬಂತು.

'ಎಡಕ್ಕೆ ಆಟೋ ನಿಂತಿದೆ ಸಾರ್.'

'ಮುಂದಿನ ಚಕ್ರ ಎತ್ತ ತಿರುಗಿದೆ?'

'ರೋಡ್ ಕಡೆಗೆ.'

'ಅಂದ್ರೆ?'

'ಹೊರಡ್ತಾನೆ.'

ಹೊರಟೇಬಿಟ್ಟ, ಕೈ ತೋರಿಸದೆ. ಇನ್ನೊಂದು ಫರ್ಲಾಂಗಿನಲ್ಲಿ ಸರ್ಕಾರಿ ಬಸ್ಸು ಜನ ಇಳಿಸುತ್ತಿತ್ತು. 'ಬಸ್ಸಿನ ಕೆಳಗೆ ನೋಡು' ಅಂದೆ. ಚಾಸಿಗೂ ಟಾರಿಗೂ ನಡುವಿನ ಆ ಎರಡಡಿ ಸಂದಿಯಲ್ಲಿ ಬಗ್ಗಿ ನೋಡಿ, 'ಕಾಲು ಕಾಣ್ತಿದೆ ಸಾರ್, ಚಿಕ್ಕ ಕಾಲು, ಓಡ್ತಿದೆ' ಅನ್ನುವಷ್ಟರಲ್ಲಿ ಅವಳ ಪಾದ ತಾನಾಗಿ ಬ್ರೇಕಿನ ಮೇಲೆ ಹೋಗಿತ್ತು. ನನ್ನ ಕಡೆಯ ಬ್ರೇಕ್ ಮುಟ್ಟುವ ಅಗತ್ಯವೇ ಬರಲಿಲ್ಲ. ಬಸ್ಸಿನ ಮುಂದಿನಿಂದ ಬ್ಯಾಗು ಹಾಕಿಕೊಂಡ ಹುಡುಗನೊಬ್ಬ ಓಡಿ ಬಂದು ನಮ್ಮ ಬಾನೆಟ್ ನೋಡಿ ನಕ್ಕು ದಾಟಿಹೋದ. ಕಣ್ಣು ಕಲಿಯುವುದು ಎಂದರೆ ಇದು. ಮೂವತ್ತು ದಿನಕ್ಕೆ ಬರುವುದಿಲ್ಲ. ಮಳೆ ನೋಡಬೇಕು, ಟೈಲ್ ಲೈಟಿಲ್ಲದ ಕಬ್ಬಿನ ಟ್ರ್ಯಾಕ್ಟರ್ ನೋಡಬೇಕು, ಬಣ್ಣ ಬಳಿಯದ ಹಂಪು, ರಸ್ತೆಗೆ ಚೆಲ್ಲಿದ ತೆಂಗಿನ ಮಟ್ಟೆ, ಹುರುಳಿ, ಎಲ್ಲ ನೋಡಬೇಕು.

ಇನ್ನೊಂದು ಪಾಠ ಬೈಕಿನವರಿಗೆ, ಮೈದಾನದಲ್ಲಿ. ಸುಣ್ಣದ ಗೆರೆ ಎಳೆದು, ಇಪ್ಪತ್ತರ ವೇಗದಲ್ಲಿ ಬಂದು ಗೆರೆಯ ಮೇಲೆ ಎರಡೂ ಬ್ರೇಕ್ ಹಿಡಿಯಲು ಹೇಳುತ್ತೇನೆ. ಸುಮಾರು ನಾಲ್ಕು ಹೆಜ್ಜೆ ದೂರದಲ್ಲಿ ನಿಲ್ಲುತ್ತದೆ. 'ನಲವತ್ತರಲ್ಲಿ ಬಂದರೆ ಎಷ್ಟಾಗುತ್ತೆ?' ಎಂದು ಕೇಳಿದರೆ ಎಲ್ಲರೂ ಒಂದೇ ಸ್ವರದಲ್ಲಿ 'ಎಂಟು' ಅನ್ನುತ್ತಾರೆ. ಓಡಿಸಿ ಅಳೆದರೆ ಹದಿನಾರರ ಆಸುಪಾಸು. ವೇಗ ಎರಡರಷ್ಟಾದರೆ ನಿಲ್ಲುವ ದೂರ ನಾಲ್ಕರಷ್ಟು. ಪಿಯುಸಿ ಭೌತಶಾಸ್ತ್ರದಲ್ಲಿ ಇದನ್ನು ಬರೆದು ಪಾಸಾದ ಹುಡುಗರೇ ಸುಣ್ಣದ ಗೆರೆಯ ಮುಂದೆ ಬೆರಗಾಗಿ ನಿಲ್ಲುತ್ತಾರೆ. ಬ್ರೇಕ್ ಹಿಡಿಯಬೇಕೆಂದು ತಲೆಗೆ ಹೊಳೆಯುವ ಒಂದು ಸೆಕೆಂಡಿನಲ್ಲಿ ಗಾಡಿ ಇನ್ನೂ ಹನ್ನೊಂದು ಮೀಟರ್ ಮುಂದೆ ಹೋಗಿರುತ್ತದೆ, ಅದು ಬೇರೆ ಲೆಕ್ಕ. ಅರವತ್ತರಲ್ಲಿ ಎರಡು ಸೆಕೆಂಡು ಫೋನ್ ನೋಡಿದರೆ ಮೂವತ್ತಮೂರು ಮೀಟರ್ ಕಣ್ಣುಮುಚ್ಚಿ ಓಡಿಸಿದ ಹಾಗೆ.

ಹುಡುಗರು ದಡ್ಡರಲ್ಲ. ಆದರೆ ಮುಂದಾಲೋಚನೆ ಮಾಡುವ, ಆತುರವನ್ನು ತಡೆಯುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ ಎನ್ನುತ್ತಾರೆ ತಿಳಿದವರು. ನನಗೆ ಅದು ಕಾಣುವುದು ಹಿಂದಿನ ಸೀಟಿನಲ್ಲಿ. ಒಬ್ಬನೇ ಇದ್ದಾಗ ಸಾಧುವಾಗಿ ಓಡಿಸುವ ಹುಡುಗ, ಹಿಂದೆ ಗೆಳೆಯ ಕೂತ ಕೂಡಲೇ ಬೇರೆಯವನಾಗುತ್ತಾನೆ. ಇಬ್ಬರು ಕೂತರಂತೂ ಕೇಳುವುದೇ ಬೇಡ. ನ್ಯೂಜಿಲೆಂಡಿನಲ್ಲಿ 1987ರಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಲೈಸೆನ್ಸ್ ಕೊಡುವ ಪದ್ಧತಿ ತಂದರು. ಹೊಸಬರು ಒಂದಷ್ಟು ಕಾಲ ರಾತ್ರಿ ಹೊತ್ತು ಒಬ್ಬರೇ ಓಡಿಸುವಂತಿಲ್ಲ, ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ನಮ್ಮ ಕಾಯ್ದೆಯಲ್ಲಿ ಲೈಸೆನ್ಸ್ ಬಂದ ಮಾರನೇ ದಿನವೇ ಮಧ್ಯರಾತ್ರಿ ಹೆದ್ದಾರಿಗೆ ಹೋಗಬಹುದು. ಆ ಮೆಟ್ಟಿಲುಗಳನ್ನು ಮನೆಯಲ್ಲೇ ಕಟ್ಟಿಕೊಳ್ಳಲು ಯಾರ ಅಪ್ಪಣೆಯೂ ಬೇಡ.

ನನ್ನ ಮಗನಿಗೆ 18 ತುಂಬಿದ ಮೇಲೆ ನಾವು ಮಾಡಿಕೊಂಡ ಒಪ್ಪಂದ ಇಷ್ಟೇ. ಮೊದಲ ಮೂರು ತಿಂಗಳು ಊರೊಳಗೆ, ಹಗಲಲ್ಲಿ ಮಾತ್ರ. ಆರು ತಿಂಗಳು ಹಿಂದೆ ಯಾರೂ ಕೂರಬಾರದು. ಹೆದ್ದಾರಿಗೆ ಮೊದಲ ಹತ್ತು ಸಲ ನಾನು ಜೊತೆಗೆ. ಫೋನು ಸೀಟಿನ ಕೆಳಗೆ. ತಡವಾದರೆ, ಮಳೆ ಬಂದರೆ, ಸುಸ್ತಾಗಿದ್ದರೆ ಫೋನ್ ಮಾಡು, ಎಷ್ಟು ಹೊತ್ತಾದರೂ ಬಂದು ಕರೆದುಕೊಂಡು ಹೋಗುತ್ತೇನೆ, ಬೈಯುವುದಿಲ್ಲ. ಈ ಕೊನೆಯ ಮಾತನ್ನು ಉಳಿಸಿಕೊಳ್ಳುವುದು ನನಗೇ ಕಷ್ಟವಾಯಿತು. ಒಂದು ರಾತ್ರಿ ಹನ್ನೊಂದಕ್ಕೆ ಅರಸೀಕೆರೆಯಿಂದ ಫೋನ್ ಬಂದಾಗ ಹಲ್ಲುಕಚ್ಚಿ ಹೋಗಿ ಕರೆತಂದೆ.

ಹೆಲ್ಮೆಟ್ ವಿಷಯಕ್ಕೆ ಒಪ್ಪಂದವೇ ಇಲ್ಲ. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಹಾಕದೆ ಸತ್ತವರು 50,029 ಮಂದಿ ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯೇ ಹೇಳುತ್ತದೆ. ಐಎಸ್‌ಐ ಗುರುತಿನ, ಕಿವಿ ಮುಚ್ಚುವ ಹೆಲ್ಮೆಟ್ ಕೊಳ್ಳಿ. ಗದ್ದದ ಪಟ್ಟಿ ಬಿಗಿದು, ಹಿಂದಿನಿಂದ ಮೇಲಕ್ಕೆತ್ತಿ ನೋಡಿ. ಕಳಚಿ ಬಂದರೆ ಅದು ಟೋಪಿ. ಹಿಂದೆ ಕೂರುವವರಿಗೂ ಹೆಲ್ಮೆಟ್ ಬೇಕು.

ಹದಿನೆಂಟಾಗದವರಿಗೆ ಏನು ದಾರಿ? ಸೈಕಲ್ ಇದೆ, ಬಸ್ ಪಾಸ್ ಇದೆ, ನಾಲ್ಕು ಮನೆಯವರು ಸೇರಿ ಹಚ್ಚುವ ಆಟೋ ಇದೆ. ಟ್ಯೂಷನ್ ಮೇಷ್ಟ್ರು 'ಗಾಡಿಯಲ್ಲಿ ಬಂದವರಿಗೆ ಒಳಗೆ ಜಾಗವಿಲ್ಲ' ಎಂದು ಒಂದೇ ಒಂದು ವಾರ ಹೇಳಿದರೆ ಊರಿನ ಅರ್ಧ ಸಮಸ್ಯೆ ಬಗೆಹರಿಯುತ್ತದೆ.

ಉಳಿದರ್ಧ ನಮ್ಮ ಮನೆಯಲ್ಲಿದೆ. ಇವತ್ತು ಮಲಗುವ ಮೊದಲು ಬಾಗಿಲ ಪಕ್ಕದ ಮೊಳೆ ನೋಡಿ. ಸ್ಕೂಟರ್ ಕೀ ಅಲ್ಲೇ ತೂಗುತ್ತಿದ್ದರೆ ತೆಗೆದು ಒಳಗಿಡಿ. ನಾಳೆ ಹಾಲಿಗೆ ನೀವೇ ಹೋಗಿ.