ಒದ್ದೆ ಇರುವಷ್ಟು ಹೊತ್ತಿನ ವಿಷ

ಚಳಿಗಾಲದಲ್ಲಿ ಅವರೆ ಬಳ್ಳಿ ಹೂ ಬಿಟ್ಟು ಎಳೆಕಾಯಿ ಕಚ್ಚುವ ಹೊತ್ತಿಗೆ ಸರಿಯಾಗಿ ಹೇನು ಹತ್ತುತ್ತದೆ. ಈ ಸೋಮವಾರ ಹೂಗೊಂಚಲಿನಲ್ಲಿ ನಾಲ್ಕೈದು ಕಪ್ಪು ಚುಕ್ಕಿ. ಮುಂದಿನ ಸೋಮವಾರ ದಂಟೇ ಕಾಣದಷ್ಟು ಕಪ್ಪು. ಮುಟ್ಟಿದರೆ ಬೆರಳಿಗೆ ಅಂಟು, ಬಳ್ಳಿಯುದ್ದಕ್ಕೂ ಇರುವೆ ಸಾಲು. ಹಿಂದೆ ಹಿತ್ತಲಲ್ಲಿ ಹೀಗಾದರೆ ಬೆಳಗಿನ ಇಬ್ಬನಿ ಆರುವ ಮುಂಚೆ ಒಲೆಬೂದಿ ಎರಚುತ್ತಿದ್ದರು. ಗ್ಯಾಸ್ ಒಲೆಯ ಮನೆಗಳಲ್ಲಿ ಬೂದಿ ಎಲ್ಲಿಂದ ಬರಬೇಕು? ತಾರಸಿ ತೋಟದವರು ನೇರ ಔಷಧಿ ಅಂಗಡಿಗೆ ಹೋಗುತ್ತಾರೆ.

ಒಂದೇ ವಾರದಲ್ಲಿ ಇಷ್ಟು ದೊಡ್ಡ ಸಂಸಾರ ಹೇಗಾಯಿತು? ಹೆಣ್ಣು ಹೇನಿಗೆ ಗಂಡಿನ ಹಂಗಿಲ್ಲ, ಮೊಟ್ಟೆಯ ರಗಳೆಯಿಲ್ಲ. ನೇರ ಮರಿ ಹಾಕುತ್ತದೆ. 1740ರಲ್ಲಿ ಜಿನೀವಾದ ಶಾರ್ಲ್ ಬೊನೆ ಎಂಬ ಇಪ್ಪತ್ತರ ತರುಣ, ಆಗಷ್ಟೇ ಹುಟ್ಟಿದ ಹೇನೊಂದನ್ನು ಒಂಟಿಯಾಗಿ ಗಾಜಿನಡಿ ಇಟ್ಟು ಹಗಲೆಲ್ಲ ಕಾವಲು ಕೂತ. ಅದು ಬೆಳೆದು 95 ಮರಿ ಹಾಕಿತು. ಹುಟ್ಟುವ ಮರಿಯ ಹೊಟ್ಟೆಯಲ್ಲಿ ಮೊಮ್ಮಗಳ ಭ್ರೂಣ ಆಗಲೇ ಮೊಳೆತಿರುತ್ತದೆ. ಬೆಚ್ಚನೆಯ ಹವೆಯಲ್ಲಿ ಅದು ವಾರ ಹತ್ತು ದಿನಕ್ಕೆ ತಾಯಾಗುತ್ತದೆ.

ಅಂಗಡಿಯಲ್ಲಿ ಕೈಗೆ ಸಿಗುವುದು ಹೆಚ್ಚಾಗಿ ಇಮಿಡಾಕ್ಲೋಪ್ರಿಡ್‌ನಂಥ ಅಂತರ್ವ್ಯಾಪಿ ಕೀಟನಾಶಕ. ಎಲೆಗೆ ಸಿಂಪಡಿಸಿದರೂ ಬುಡಕ್ಕೆ ಹಾಕಿದರೂ ಅದು ಗಿಡದೊಳಗೆ ಸೇರಿ, ಹೇನು ಹೀರುವ ರಸವನ್ನೇ ವಿಷವಾಗಿಸುತ್ತದೆ. ಕೆಲಸ ಮಾಡುವುದರಲ್ಲಿ ಅನುಮಾನವಿಲ್ಲ. ಆದರೆ ಅದೇ ವಿಷ ಪರಾಗಕ್ಕೂ ಮಕರಂದಕ್ಕೂ ಇಳಿಯುತ್ತದೆ. ಹೂವಿಗೆ ಬಂದ ಜೇನಿಗೂ ಪಾಲು ಸಿಗುತ್ತದೆ. 2018ರಲ್ಲಿ ಐರೋಪ್ಯ ಒಕ್ಕೂಟ ಬಯಲಿನ ಬೆಳೆಗಳಲ್ಲಿ ಇದರ ಬಳಕೆ ನಿಷೇಧಿಸಿದ್ದು ಇದೇ ಕಾರಣಕ್ಕೆ. ನಾಳೆ ಸಾರಿಗೆ ಕಾಯಿ ಬಿಡಿಸಬೇಕಾದ ಬಳ್ಳಿಗೆ ಇಂಥದ್ದನ್ನು ಹಾಕುವುದು ತಪ್ಪು.

ಹೇನಿಗೆ ಸೋಪಿನ ನೀರೂ ಒಂದು ಮದ್ದು, ಅದರ ದಾರಿ ಬೇರೆ. ಹೇನಿನ ಮೈಮೇಲೆ ತೆಳು ಮೇಣದ ಹೊದಿಕೆಯಿದೆ. ಬರಿಯ ನೀರು ಅದರ ಮೇಲೆ ಹನಿಗಟ್ಟಿ ಜಾರಿಹೋಗುತ್ತದೆ. ಸೋಪಿನ ನೀರು ಹರಡಿ ಕೂರುತ್ತದೆ. ಅದರಲ್ಲಿರುವ ಕೊಬ್ಬಿನಾಮ್ಲದ ಲವಣಗಳು ಮೇಣವನ್ನು ಕದಡಿ ಜೀವಕೋಶಗಳ ಪೊರೆ ಒಡೆಯುತ್ತವೆ, ಮೈಯ ತೇವವೆಲ್ಲ ಸೋರಿ ಹೇನು ಒಣಗುತ್ತದೆ. ಇಷ್ಟೂ ನಡೆಯುವುದು ಹನಿ ಒದ್ದೆ ಇರುವ ತನಕ ಮಾತ್ರ. ಒಣಗಿದ ಸೋಪು ಯಾವ ಹೇನನ್ನೂ ಕೊಲ್ಲದು; ಆಮೇಲೆ ಬರುವ ಜೇನು, ಗುಲಗಂಜಿ ಹುಳುಗಳಿಗೂ ಅಪಾಯವಿಲ್ಲ. ಹಾಗಾಗಿ ಎಲೆಯಡಿ, ಚಿಗುರಿನ ಸಂದಿಯೆಲ್ಲ ತೊಯ್ಯಬೇಕು. ಐದಾರು ದಿನ ಬಿಟ್ಟು ಮತ್ತೊಮ್ಮೆ ಹೊಡೆಯಬೇಕು.

ಎಡವುವುದು ಸೋಪಿನ ಆಯ್ಕೆಯಲ್ಲಿ. ಪಾತ್ರೆ ತೊಳೆಯುವ ದ್ರವ, ಬಟ್ಟೆಯ ಪುಡಿ ಇವೆಲ್ಲ ಡಿಟರ್ಜೆಂಟ್. ಎಲೆಯ ಮೇಣವನ್ನೂ ತೊಳೆದು ಅಂಚು ಸುಡುತ್ತವೆ. ಗಿಡಕ್ಕೆಂದೇ ಮಾಡಿದ ಪೊಟ್ಯಾಸಿಯಂ ಸೋಪು ಲೀಟರಿಗೆ 10ರಿಂದ 20 ಮಿಲಿಲೀಟರ್ ಸಾಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೇವಿನ ಸೋಪು, ಹೊಂಗೆ ಸೋಪುಗಳನ್ನೇ ರೂಪಿಸಿದೆ. ಮೊದಲು ಎರಡೆಲೆಗೆ ಹೊಡೆದು ಒಂದು ದಿನ ನೋಡಿ, ಆಮೇಲೆ ಇಡೀ ಗಿಡಕ್ಕೆ. ಅದೂ ಬೆಳಗ್ಗೆ ಇಲ್ಲವೇ ಸಂಜೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಗಸಿಯಾಗಿಬಿಡುತ್ತದೆ. ಮಳೆನೀರು ಹಿಡಿದಿಟ್ಟವರಿಗೆ ಆ ತಾಪತ್ರಯವಿಲ್ಲ.

ಸಿಂಪರಣೆಯೇ ಸಾಧ್ಯವಾಗದ ಕಡೆ ಏನಾಗುತ್ತದೆಂಬುದನ್ನು ಬೆಳಗಾವಿ, ಬಾಗಲಕೋಟೆಯ ಕಬ್ಬಿನ ರೈತರು ಕಂಡಿದ್ದಾರೆ. 2002ರ ಸುಮಾರಿಗೆ ಬಿಳಿ ಉಣ್ಣೆ ಹೇನು ಗದ್ದೆ ಗದ್ದೆಗೆ ಹಬ್ಬಿತು. ಆಳೆತ್ತರ ಮೀರಿದ ಕಬ್ಬಿನೊಳಗೆ ಪಂಪು ಹೊತ್ತು ನುಗ್ಗುವುದು ಹೇಗೆ? ಹೇನನ್ನೇ ತಿಂದು ಬದುಕುವ ಡೈಫಾ ಎಂಬ ಪತಂಗದ ಮರಿಹುಳುಗಳು, ಮೈಕ್ರೋಮಸ್ ಎಂಬ ಕೀಟ ಗದ್ದೆಗಳಲ್ಲಿ ಹೆಚ್ಚಿದಂತೆ ಉಣ್ಣೆ ಹೇನಿನ ಹಾವಳಿ ತಗ್ಗಿತು. ವಿಜ್ಞಾನಿಗಳು ಇವನ್ನು ಸಾಕಿ ಬೆಳೆಸಿ ಹೊಲಕ್ಕೆ ಬಿಟ್ಟರು.

ಅವರೆ ಬಳ್ಳಿಯಲ್ಲೂ ಇಂಥ ನೆಂಟರಿರುತ್ತಾರೆ. ಸೋಪಿನ ಡಬ್ಬಿ ಎತ್ತುವ ಮುಂಚೆ ಎಲೆಯಡಿ ಮಗುಚಿ ನೋಡಬೇಕು. ಕಪ್ಪು ಹೇನಿನ ನಡುವೆ ಅಲ್ಲೊಂದು ಇಲ್ಲೊಂದು ಕಂದು ಬಣ್ಣಕ್ಕೆ ತಿರುಗಿ, ರಾಗಿ ಕಾಳಿನಂತೆ ಉಬ್ಬಿ, ಅಲ್ಲಾಡದೆ ಅಂಟಿಕೊಂಡಿದ್ದರೆ ಅದರೊಳಗೆ ಪುಟ್ಟ ಕಣಜದ ಮರಿ ಬೆಳೆಯುತ್ತಿದೆ. ಅಂಥ ಎಲೆಗಳನ್ನು ಬಿಟ್ಟು ಉಳಿದ ಕಡೆ ಸಿಂಪಡಿಸಿದರೆ, ಕೆಲವೇ ದಿನಗಳಲ್ಲಿ ಆ ಕಂದು ಬೆನ್ನಿನಲ್ಲಿ ಸೂಜಿಯಿಂದ ಕೊರೆದಂಥ ದುಂಡನೆಯ ತೂತು ಕಾಣಿಸುತ್ತದೆ. ಕಣಜ ಹಾರಿ ಹೊರಟಿದೆ, ಪಕ್ಕದ ಗೊಂಚಲಿನ ಹೇನು ಹುಡುಕಿಕೊಂಡು.