ಟ್ರಾಲಿ ತಳ್ಳುವವರ ಭೌತಶಾಸ್ತ್ರ

ಬೆಳ್ಳಿಯ ಪರಮಾಣು ಸಂಖ್ಯೆ 47. ಮೂಳೆಗೆ ಗಟ್ಟಿತನ ಕೊಡುವ ಕ್ಯಾಲ್ಸಿಯಂನದು 20. ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ನಿಲ್ಲುವ ಸಹಾಯಕನಿಗೆ ಈ ಅಂಕಿಗಳು ಗೊತ್ತಿರಲಿಕ್ಕಿಲ್ಲ, ಅವುಗಳ ಕಿತಾಪತಿ ಮಾತ್ರ ದಿನಾ ಗೊತ್ತು. ಕಿತ್ತೂರು, ಬೈಲಹೊಂಗಲ ಕಡೆಯ ಹಿರಿಯರು ಕೆಮ್ಮೆಂದು ಬಂದರೆ ಕೊರಳಲ್ಲಿ ಬೆಳ್ಳಿಯ ಕರಡಿಗೆ ಇರುವುದು ಸಾಮಾನ್ಯ, ಅದರೊಳಗೆ ಇಷ್ಟಲಿಂಗ. ಹಾಗೇ ನಿಲ್ಲಿಸಿ ಚಿತ್ರ ತೆಗೆದರೆ ಎದೆಯ ನಡುವೆ ಅಚ್ಚ ಬಿಳಿಯ ಆಕಾರವೊಂದು ಮೂಡುತ್ತದೆ. ಅದರ ಮರೆಯಲ್ಲಿ ಏನಿದೆಯೆಂದು ಯಾವ ವೈದ್ಯರಿಗೂ ಕಾಣದು.

ಕಾರಣ ಸರಳ. ಎಕ್ಸ್ ಕಿರಣವನ್ನು ವಸ್ತುವೊಂದು ನುಂಗುವ ಪ್ರಮಾಣ, ಸ್ಥೂಲವಾಗಿ ಹೇಳುವುದಾದರೆ, ಅದರ ಪರಮಾಣು ಸಂಖ್ಯೆಯ ಘನಕ್ಕೆ ತಕ್ಕಂತೆ ಏರುತ್ತದೆ. ಸಂಖ್ಯೆ ಎರಡೂವರೆ ಪಟ್ಟೂ ಇಲ್ಲ, ಆದರೂ ಗ್ರಾಮಿಗೆ ಗ್ರಾಂ ತೂಗಿದರೆ ಬೆಳ್ಳಿ ಕ್ಯಾಲ್ಸಿಯಂಗಿಂತ ಹತ್ತು ಪಟ್ಟಿನ ಆಸುಪಾಸು ಹೆಚ್ಚು ಕಿರಣ ನುಂಗುತ್ತದೆ. ಹಾಗೆಂದು ಲಿಂಗವನ್ನು ಮೈಯಿಂದ ಬೇರೆ ಮಾಡೆಂದರೆ ಎಷ್ಟೋ ಹಿರಿಯರು ಒಪ್ಪುವುದಿಲ್ಲ. ವಾದಕ್ಕಿಳಿಯುವ ಅಗತ್ಯವೂ ಇಲ್ಲ. “ಅಜ್ಜಾರ, ಶಿವದಾರ ಬಿಚ್ಚೂದ ಬ್ಯಾಡ್ರಿ, ಕರಡಿಗಿ ಎತ್ತಿ ತಲಿ ಮ್ಯಾಲ ಇಟ್ಕೋರಿ” ಎಂದರೆ ಸಾಕು, ಕರಡಿಗೆ ಕಿರಣದ ಚೌಕದಿಂದ ಹೊರಗೆ. ಹೆಂಗಸರ ಜಡೆಯದು ಇನ್ನೊಂದು ಕಥೆ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ದಪ್ಪ ಜಡೆ ಹೆಗಲ ಮೇಲೆ ಬಿದ್ದಿದ್ದರೆ ಶ್ವಾಸಕೋಶದ ಮೇಲ್ತುದಿಯಲ್ಲಿ ನೆರಳು ಬೀಳುತ್ತದೆ. ಕ್ಷಯ ಸಾಮಾನ್ಯವಾಗಿ ಮನೆ ಮಾಡುವುದೂ ಅಲ್ಲಿಯೇ. ಜಡೆ ಎತ್ತಿ ಕಟ್ಟಿಸುವ ಒಂದು ಕ್ಷಣದ ಕೆಲಸ ಇಲ್ಲದ ರೋಗವೊಂದನ್ನು ತಪ್ಪಿಸಬಲ್ಲದು.

ಈ ಕೆಲಸ ಮಾಡುವವರಿಗೆ ಒಂದೇ ಹೆಸರಿಲ್ಲ. ಅಟೆಂಡರ್, ವಾರ್ಡ್ ಬಾಯ್, ಗ್ರೂಪ್ ಡಿ, ಆಯಾ. ಬೆಳಗಾವಿ ಕಡೆ ಹೆಂಗಸಾದರೆ ಮಾವಶಿ. ಫಿಲ್ಮಿನ ಕಾಲದಲ್ಲಿ ಡಾರ್ಕ್ ರೂಮ್ ಸಹಾಯಕ ಎಂಬ ಹುದ್ದೆಯೂ ಇತ್ತು. ಕೆಂಪು ದೀಪದ ಮಂದ ಬೆಳಕಲ್ಲಿ ಡೆವಲಪರ್, ನೀರು, ಫಿಕ್ಸರ್ ಎಂದು ಫಿಲ್ಮನ್ನು ಅದ್ದಿ ತೆಗೆದು ಒಣಗಲು ತೂಗುಹಾಕುವ ಕಸುಬು ಅದು. ಈಗ ಆ ಜಾಗಕ್ಕೆ ಡಿಜಿಟಲ್ ಪ್ಲೇಟು ಬಂದಿದೆ. ಡಾರ್ಕ್ ರೂಮು ಹೋಯಿತು, ಸಹಾಯಕ ಉಳಿದ.

ಉಳಿಯಲೇಬೇಕಿತ್ತು. ದೇಗಾಂವದಲ್ಲಿ, ಕದಂಬರ ಕಾಲದ ಕಮಲನಾರಾಯಣ ಗುಡಿಗೆ ಹೆಸರಾದ ಆ ಊರಲ್ಲಿ, ಒಬ್ಬ ರೈತ ಟ್ರ್ಯಾಕ್ಟರಿನಿಂದ ಬಿದ್ದು ತೊಡೆ ಮುರಿದುಕೊಂಡನೆನ್ನೋಣ. ಮೊದಲು ಹತ್ತಿರದ ಕಿತ್ತೂರು, ಅಲ್ಲಿಂದ ಬೈಲಹೊಂಗಲ. ಎಂಆರ್‌ಐ ಬೇಕೆಂದರೆ ಬೆಳಗಾವಿ, ಇಲ್ಲವೇ ಧಾರವಾಡ-ಹುಬ್ಬಳ್ಳಿ. ಪ್ರತಿ ನಿಲುಗಡೆಯಲ್ಲೂ ಅವನನ್ನು ಆಂಬುಲೆನ್ಸಿನಿಂದ ಟ್ರಾಲಿಗೆ, ಟ್ರಾಲಿಯಿಂದ ಟೇಬಲ್ಲಿಗೆ ಸಾಗಿಸಬೇಕು. ಮುರಿದ ತೊಡೆಮೂಳೆಯ ಚೂಪು ತುದಿ ಪಕ್ಕದ ರಕ್ತನಾಳಕ್ಕೆ ಚುಚ್ಚೀತು. ಬೆನ್ನುಹುರಿಗೆ ಪೆಟ್ಟಾಗಿರುವ ಅನುಮಾನವಿದ್ದರೆ ಕುತ್ತಿಗೆ, ಬೆನ್ನು, ಸೊಂಟ ಒಂದೇ ಗೆರೆಯಲ್ಲಿ ಹೊರಳಬೇಕು. ತಲೆ ಹಿಡಿದವರು ಲೆಕ್ಕ ಹೇಳಿದಾಗ ಉಳಿದವರು ಒಟ್ಟಿಗೇ ಎತ್ತಬೇಕು. ಯಂತ್ರಕ್ಕೆ ಎಷ್ಟು ಕೋಟಿ ಸುರಿದರೂ ಈ ಹೊರಳಿಸುವಿಕೆ ನಡೆಯುವುದು ಕೈಗಳಿಂದಲೇ.

ಎದೆಯ ಎಕ್ಸ್‌ರೇಗೆ ರೋಗಿಯನ್ನು ನಳಿಕೆಯಿಂದ ಸುಮಾರು 180 ಸೆಂಟಿಮೀಟರ್ ದೂರ, ಬೆನ್ನು ಯಂತ್ರದ ಕಡೆಗಿರುವಂತೆ ನಿಲ್ಲಿಸುತ್ತಾರೆ. ಹೃದಯ ಪ್ಲೇಟಿಗೆ ಹತ್ತಿರವಾಗಿ, ಕಿರಣದ ಮೂಲ ದೂರವಾದಷ್ಟೂ ನೆರಳು ಹಿಗ್ಗುವುದು ಕಡಿಮೆ. ಹತ್ತಿರದಿಂದ ತೆಗೆದರೆ ಸರಿಯಾದ ಹೃದಯವೂ ಊದಿದಂತೆ ಕಂಡೀತು. ಆಮೇಲೆ ಆ ಪರಿಚಿತ ಮಾತು: “ಉಸರ ಒಳಗ ತೊಗೋರಿ… ಹಿಡೀರಿ… ಬಿಡ್ರಿ.” ಗಾಳಿ ತುಂಬಿದ ಶ್ವಾಸಕೋಶ ಕಪ್ಪಗೆ ಕಾಣುವುದರಿಂದಲೇ ಅದರೊಳಗಿನ ಬಿಳಿಯ ಕಲೆ ಎದ್ದು ಕಾಣುವುದು. ಕಿವಿ ಮಂದವಾದ ಅಜ್ಜಿಗೆ ಇದನ್ನು ತಿಳಿಸಿ ಹೇಳುವುದು ಬಹುಪಾಲು ಮಾವಶಿಯ ಪಾಲಿಗೇ ಬರುತ್ತದೆ. ಸೋನೋಗ್ರಫಿ ಕೋಣೆಯ ಹೊರಗೆ “ನೀರ ಕುಡೀರಿ, ಒಂದಕ್ಕ ಹೋಗಬ್ಯಾಡ್ರಿ” ಎಂದು ಪದೇ ಪದೇ ಹೇಳುವವರೂ ಅವರೇ. ತುಂಬಿದ ಮೂತ್ರಕೋಶ ಗಾಳಿ ಸೇರಿದ ಕರುಳನ್ನು ಪಕ್ಕಕ್ಕೆ ಒತ್ತಿ, ಶ್ರವಣಾತೀತ ಶಬ್ದಕ್ಕೆ ಒಳಹೋಗಲು ಕಿಟಕಿಯಾಗುತ್ತದೆ.

ಅಪಾಯದ ಮಾತು ಬಂದಾಗ ಎಲ್ಲರ ಕಣ್ಣು ಮೊದಲು ಹೋಗುವುದು ವಿಕಿರಣದತ್ತ. ಒಂದು ಎದೆ ಎಕ್ಸ್‌ರೇಯಿಂದ ರೋಗಿಗೆ ತಗಲುವುದು ಹೆಚ್ಚೆಂದರೆ 0.1 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ವರ್ಷಕ್ಕೆ ನಮ್ಮೆಲ್ಲರಿಗೂ ಸರಾಸರಿ 2.4 ಮಿಲಿಸೀವರ್ಟ್ ಬಂದೇ ಬರುತ್ತದೆ. ರೋಗಿಗೆ ಒಂದು ಚಿತ್ರ ಸಣ್ಣ ಮಾತು. ಆದರೆ ಅಳುವ ಮಗುವನ್ನು ಹಿಡಿದುಕೊಳ್ಳಲು ದಿನಾ ಅದೇ ಅಟೆಂಡರನ್ನು ಕರೆದರೆ? ಕಿರಣ ರೋಗಿಯ ಮೈಗೆ ಬಡಿದು ಎಲ್ಲ ದಿಕ್ಕಿಗೂ ಚದುರುತ್ತದೆ. ಒಂದು ಮೀಟರ್ ದೂರದಲ್ಲಿ ಅದರ ತೀವ್ರತೆ ಮೂಲದ ಸಾವಿರದಲ್ಲೊಂದು ಭಾಗದಷ್ಟು, ಎರಡು ಮೀಟರಿಗೆ ಅದರ ಕಾಲು ಭಾಗ. ಒಂದು ಹೆಜ್ಜೆ ಹಿಂದೆ ಸರಿಯುವುದಕ್ಕಿಂತ ಅಗ್ಗದ ರಕ್ಷಣೆ ಇನ್ನೊಂದಿಲ್ಲ. ಆದ್ದರಿಂದಲೇ ಮಗುವನ್ನು ಹಿಡಿಯಬೇಕಾದವರು ಸಿಬ್ಬಂದಿಯಲ್ಲ, ಸೀಸದ ಏಪ್ರನ್ ತೊಟ್ಟ ಅಪ್ಪನೋ ಸೋದರಮಾವನೋ. ಗರ್ಭಿಣಿಯಂತೂ ಸಲ್ಲದು. ಆ ಏಪ್ರನ್ನನ್ನು ಮಡಚಿ ಕುರ್ಚಿಯ ಮೇಲೆ ಎಸೆಯುವ ರೂಢಿ ಬಹಳ ಕಡೆ ಇದೆ. ಮಡಿಕೆ ಬಿದ್ದಲ್ಲಿ ಒಳಗಿನ ಸೀಸದ ಹಾಳೆ ಸೀಳುತ್ತದೆ, ಹೊರಗಿನ ಬಟ್ಟೆ ನೋಡಿದರೆ ಗೊತ್ತೇ ಆಗುವುದಿಲ್ಲ. ಅದನ್ನು ತೂಗುಹಾಕಿಯೇ ಇಡಬೇಕು.

ಸಿಬ್ಬಂದಿಯ ಎದೆಯ ಮೇಲಿನ ಚಿಕ್ಕ ಬ್ಯಾಡ್ಜಿಗೆ ಟಿಎಲ್‌ಡಿ ಎನ್ನುತ್ತಾರೆ. ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ ಈ ಬ್ಯಾಡ್ಜಿನಲ್ಲಿ ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟಿನ ಮೂರು ಬಿಲ್ಲೆಗಳಿರುತ್ತವೆ. ವಿಕಿರಣ ತಾಗಿದಾಗ ಎಲೆಕ್ಟ್ರಾನುಗಳು ಹರಳಿನ ಕುಳಿಗಳಲ್ಲಿ ಸಿಕ್ಕಿಬೀಳುತ್ತವೆ. ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯದಲ್ಲಿ ಕಾಯಿಸಿದರೆ ಅವು ಬೆಳಕು ಸೂಸುತ್ತ ಬಿಡುಗಡೆಯಾಗುತ್ತವೆ, ಆ ಬೆಳಕೇ ಲೆಕ್ಕ. ಕ್ಯಾಸೆಟ್ಟಿನೊಳಗಿನ ಸಿಆರ್ (ಕಂಪ್ಯೂಟೆಡ್ ರೇಡಿಯೋಗ್ರಫಿ) ಪ್ಲೇಟು ಚಿತ್ರ ಹಿಡಿಯುವುದೂ ಇದೇ ಉಪಾಯದಿಂದ, ಅಲ್ಲಿ ಕಾಯಿಸುವ ಬದಲು ಲೇಸರ್ ಹಾಯಿಸುತ್ತಾರೆ ಅಷ್ಟೆ. ವಿಕಿರಣದ ಕೆಲಸಗಾರರಿಗೆ ದೇಶದ ಅಣುಶಕ್ತಿ ನಿಯಂತ್ರಣ ಮಂಡಳಿ ವಿಧಿಸಿದ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ಮೀರುವಂತಿಲ್ಲ.

ಆದರೆ ಈ ವಿಭಾಗದಲ್ಲಿ ಕ್ಷಣಾರ್ಧದಲ್ಲಿ ಜೀವ ತೆಗೆಯಬಲ್ಲದ್ದು ವಿಕಿರಣವೇ ಇಲ್ಲದ ಯಂತ್ರ. ಎಂಆರ್‌ಐಯ 1.5 ಟೆಸ್ಲಾ ಕಾಂತಕ್ಷೇತ್ರ ಭೂಮಿಯದಕ್ಕಿಂತ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು. ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಮುಳುಗಿದ ತಂತಿಸುರುಳಿಯಲ್ಲಿ ವಿದ್ಯುತ್ತು ತಡೆಯಿಲ್ಲದೆ ಸುತ್ತುತ್ತಲೇ ಇರುತ್ತದೆ. ಕರೆಂಟು ಹೋದರೂ, ರಾತ್ರಿ ಕೋಣೆಗೆ ಬೀಗ ಬಿದ್ದರೂ ಆ ಅಯಸ್ಕಾಂತ ಆರುವುದಿಲ್ಲ.

2014ರ ನವೆಂಬರಿನಲ್ಲಿ ನವಿ ಮುಂಬೈನ ಖಾರ್ಘರ್‌ನಲ್ಲಿರುವ ಟಾಟಾ ಕ್ಯಾನ್ಸರ್ ಕೇಂದ್ರದಲ್ಲಿ ಆಕ್ಸಿಜನ್ ಸಿಲಿಂಡರೊಂದು ಯಂತ್ರದತ್ತ ಹಾರಿತು. ಸಿಲಿಂಡರಿಗೂ ಯಂತ್ರಕ್ಕೂ ನಡುವೆ ವಾರ್ಡ್ ಬಾಯ್ ಮತ್ತು ತಂತ್ರಜ್ಞ ಸುಮಾರು ನಾಲ್ಕು ಗಂಟೆ ಸಿಕ್ಕಿಕೊಂಡಿದ್ದರು. 2018ರ ಜನವರಿಯಲ್ಲಿ ಮುಂಬೈನ ನಾಯರ್ ಆಸ್ಪತ್ರೆಯಲ್ಲಿ ರೋಗಿಯ ಜೊತೆ ಬಂದಿದ್ದ 32 ವರ್ಷದ ಯುವಕ ಸಿಲಿಂಡರ್ ಹಿಡಿದು ಒಳಹೋದ. ಮಷೀನು ಬಂದ್ ಆಗಿದೆ ಎಂದು ವಾರ್ಡ್ ಬಾಯ್ ಹೇಳಿದ್ದನೆಂದು ಮನೆಯವರು ಹೇಳಿದರು. ಯುವಕ ಉಳಿಯಲಿಲ್ಲ. ಎರಡೂ ಕಡೆ ಸಿಲಿಂಡರು ಹೊಸ್ತಿಲು ದಾಟಿದ್ದು ತಡೆಯುವವರಿಲ್ಲದೆ. ಹಾಗಿದ್ದೂ ತಿಂಗಳ ಗುತ್ತಿಗೆಗೆ ಸೇರಿಸಿಕೊಂಡ ಹುಡುಗನಿಗೆ ಟ್ರಾಲಿ ಎಲ್ಲಿದೆಯೆಂದು ತೋರಿಸಿ, ಅಯಸ್ಕಾಂತದ ಬಗ್ಗೆ ಒಂದು ಮಾತೂ ಹೇಳದೆ ಕೆಲಸಕ್ಕೆ ಹಚ್ಚುವುದು ವಿಚಿತ್ರವೇ ಸರಿ.

ಹೇಳಬೇಕಾದ್ದು ಬಹಳವೇನಿಲ್ಲ. ಕಬ್ಬಿಣದ ಸಿಲಿಂಡರು, ವೀಲ್‌ಚೇರು, ಕತ್ತರಿ, ಕೀಲಿಕೈಗೊಂಚಲು ಹೊಸ್ತಿಲಾಚೆಗೇ. ಒಳಗೆ ಓಡಾಡಲು ಕಬ್ಬಿಣವಿಲ್ಲದ, ಆ ಕೋಣೆಗೆಂದೇ ಗುರುತು ಮಾಡಿದ ಟ್ರಾಲಿ. ಬೆಳ್ಳಿಯ ಉಡುದಾರ, ಕಾಲುಂಗುರಗಳನ್ನು ಅಯಸ್ಕಾಂತ ಎಳೆಯದು, ಆದರೆ ರೇಡಿಯೋ ತರಂಗಗಳಿಗೆ ಅವು ಕಾದು ಚರ್ಮ ಸುಡಬಹುದು, ಅದಕ್ಕೇ ಬಿಚ್ಚಿಸುವುದು. ಹಳೆಯ ಆಪರೇಷನ್ನಿನ ಕ್ಲಿಪ್ಪು, ಪೇಸ್‌ಮೇಕರ್ ಇದೆಯೇ ಎಂದು ರೋಗಿಯನ್ನೂ ಮನೆಯವರನ್ನೂ ಬೇರೆ ಬೇರೆಯಾಗಿ ಕೇಳುವುದು ಒಳ್ಳೆಯದು, ಒಬ್ಬರು ಮರೆತದ್ದು ಇನ್ನೊಬ್ಬರಿಗೆ ನೆನಪಿರುತ್ತದೆ.

ಒಳಗೆ ರೋಗಿಯ ಎದೆಬಡಿತ ನಿಂತರೆ ಮಾಡಬೇಕಾದ್ದು ಮಾತ್ರ ಮನಸ್ಸು ಹೇಳುವುದಕ್ಕೆ ತಿರುಗುಮುರುಗು. ವೈದ್ಯರು, ಆಕ್ಸಿಜನ್ನು, ಡಿಫಿಬ್ರಿಲೇಟರು ಒಳಗೆ ನುಗ್ಗಬಾರದು. ಒಳಗಿದ್ದವರು ಎದೆ ಒತ್ತುತ್ತಲೇ ರೋಗಿಯನ್ನು ಕಬ್ಬಿಣವಿಲ್ಲದ ಆ ಟ್ರಾಲಿಯಲ್ಲಿ ಹೊರಗೆ ತರಬೇಕು, ಉಳಿದ ಚಿಕಿತ್ಸೆಯೆಲ್ಲ ಹೊರಗೆ. ಆ ಹೊತ್ತಿನಲ್ಲಿ ಕೊರಳಿಗೆ ಸ್ಟೆತಸ್ಕೋಪ್, ಜೇಬಿನಲ್ಲಿ ಕತ್ತರಿ ಇಟ್ಟುಕೊಂಡು ಓಡಿಬರುವ ಹಿರಿಯ ಡಾಕ್ಟರಿಗೆ ಬಾಗಿಲಲ್ಲಿ ಕೈ ಅಡ್ಡ ಹಿಡಿದು “ಸಾಹೇಬ್ರ, ಒಳಗ ಬರಬ್ಯಾಡ್ರಿ, ನಾವ ಹೊರಗ ತರತೇವಿ” ಎನ್ನುವ ಅಧಿಕಾರ ಅಟೆಂಡರಿಗೆ ಇರಬೇಕು. ಅದನ್ನು ವಿಭಾಗದ ಮುಖ್ಯಸ್ಥರು ಮೊದಲೇ, ಎಲ್ಲರೆದುರು, ಬಾಯಿಬಿಟ್ಟು ಹೇಳಿರಬೇಕು.