ಬಿಸಾಡುವ ಜುಟ್ಟಿನಿಂದ ಅನಾನಸು

ಅಮರಕೋಶದಲ್ಲಿ ಅನಾನಸಿಗೆ ಹೆಸರಿಲ್ಲ. ಅದು ದಕ್ಷಿಣ ಅಮೆರಿಕದ ಗಿಡ. 1493ರಲ್ಲಿ ಕೊಲಂಬಸನ ಕಣ್ಣಿಗೆ ಬಿದ್ದು, ಮುಂದೆ ಪೋರ್ಚುಗೀಸರಿಂದ ನಮ್ಮ ದೇಶಕ್ಕೆ ಬಂದಿತು. ಈ ಅತಿಥಿಯನ್ನು ಹಾಸನದ ನಮ್ಮ ಮನೆಯಲ್ಲಿ ಉಳಿಸಿಕೊಳ್ಳಹೋಗಿ ನಾವು ಮೊದಲು ಸೋತೆವು. ಹಣ್ಣಿನ ಹಸಿಜುಟ್ಟನ್ನು ಕೂಡಲೇ ನೆಟ್ಟು, ಮೊಮ್ಮಗಳೊಡನೆ ದಿನವೂ ನೀರೆರೆದೆವು; ತಿಂಗಳೊಳಗೆ ಬುಡವು ಕೊಳೆಯಿತು. ನಮ್ಮ ಅತ್ಯಾದರವೇ ಅದನ್ನು ಕೊಂದಿತು.

ಎರಡನೆಯ ಸಲ ಜುಟ್ಟಿಗಂಟಿದ ತಿರುಳನ್ನು ತೆಗೆದು, ಕೆಳಗಿನ ಕೆಲವು ಎಲೆಗಳನ್ನು ಕಿತ್ತು, ಒಂದು ವಾರ ನೆರಳಿನಲ್ಲಿ ಒಣಗಿಸಿದೆವು. ತಳದಲ್ಲಿ ತೂತುಳ್ಳ, ಒಂದಡಿ ಅಗಲದ ಕುಂಡದಲ್ಲಿ ಕೆಮ್ಮಣ್ಣು, ಮರಳು, ಹಳೆಯ ಗೊಬ್ಬರಗಳನ್ನು ತುಂಬಿ ನೆಟ್ಟೆವು. ಮೇಲ್ಮಣ್ಣು ಒಣಗಿದ ಮೇಲೆಯೇ ನೀರು.

ಹೊಳೆನರಸೀಪುರ, ಅರಕಲಗೂಡುಗಳ ವಾಚಕರು ಹಿತ್ತಿಲಲ್ಲಿ ನೆಡುವುದಾದರೆ ಮಳೆನೀರು ನಿಲ್ಲದಂತೆ ಮಣ್ಣನ್ನು ಏರಿಸತಕ್ಕದ್ದು. ಚನ್ನರಾಯಪಟ್ಟಣದ ಬೇಸಗೆಯಲ್ಲಿ ನಡುಹಗಲು ತುಸು ನೆರಳು ಬೇಕು. ಹಾಸನದ ಮಾಗಿಯ ಚಳಿಯಲ್ಲಿ ಕುಂಡವನ್ನು ಮನೆಯೊಳಗೆ, ಬಿಸಿಲು ಬೀಳುವ ಕಿಟಕಿಯ ಬಳಿ ಇಡುವುದು ಕ್ಷೇಮ.

ಜುಟ್ಟಿನ ಗಿಡವು ಫಲ ಕೊಡಲು ಎರಡು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಬೇಕು. ಬುಡದ ಕಂದನ್ನು ನೆಟ್ಟರೆ ಸುಮಾರು ಒಂದೂವರೆ ವರ್ಷ ಸಾಕು. ಒಂದು ಹಣ್ಣನ್ನು ಕೊಟ್ಟು ತಾಯಿಗಿಡವು ಬಾಡುವುದು. ಕಂದುಗಳು ವಂಶವನ್ನು ಮುಂದುವರಿಸುವುವು.

ನಮ್ಮ ಗಿಡಕ್ಕೆ ಈಗ ಒಂದು ವರ್ಷ. ಮೊಮ್ಮಗಳು ಬೆಳಗ್ಗೆ ಮಣ್ಣನ್ನು ಮುಟ್ಟಿ ನೋಡಿ, ಹಸಿಯಿದ್ದರೆ ಚೊಂಬನ್ನು ಹಿಂದಕ್ಕೊಯ್ಯುವಳು.